ಮಂಡಕ್ಕಿ ಭಟ್ಟಿಗೆ ಕಡೆಯ ಕೈ

ನಮ್ಮ ಮನೆತನದ ಹೆಣ್ಣು ಡಿಗ್ರಿ ಮಾಡುವುದು ಆಗದ ಮಾತು ಎಂದವಳು ನನ್ನ ಸೋದರತ್ತೆ. ಮಾಡಿದೆ. ಮನೆತನದ ಮೊದಲ ಡಿಗ್ರಿ ನನ್ನದೇ. ಆದರೂ ಮೊನ್ನೆ ಹಿತ್ತಲಿನ ಹಂಡೆ ಒಲೆ ಬಿರುಕು ಬಿಟ್ಟಿತೆಂದು ಕೆಮ್ಮಣ್ಣಿಗೆ ಸಗಣಿ ಬೆರೆಸಿ ಕಲಸುವಾಗ, ಆ ಹಸಿ ವಾಸನೆಗೆ ಅವಳು ಎದುರಿಗೆ ಬಂದು ಕೂತಂತಾಯಿತು...

ಕೊಟ್ಟೂರಿನಲ್ಲಿ ಅವಳದೊಂದು ಮಂಡಕ್ಕಿ ಭಟ್ಟಿ ಇತ್ತು. ಜಾಲಿ ಕಟ್ಟಿಗೆ ಉರಿಸುವ ದೊಡ್ಡ ಒಲೆ. ತೊಂಬತ್ತರ ದಶಕದ ಆ ದಿನಗಳಲ್ಲಿ ಶಾಲೆ ಬಿಟ್ಟರೆ ನಾನು ಓಡುತ್ತಿದ್ದುದು ಅಲ್ಲಿಗೇ. ಕಾದ ಮರಳಿಗೆ ಅಕ್ಕಿ ಸುರಿದು ಕೈಯಾಡಿಸುವುದನ್ನು ಕಲಿಸಿದವಳು ಅವಳು. ಮನೆಯಲ್ಲಿ ಹೇಳಲಾಗದ್ದನ್ನೂ ಅವಳಿಗೆ ಹೇಳುತ್ತಿದ್ದೆ. ಪಿಯುಸಿ ಪಾಸಾದಾಗ, ಹರಪನಹಳ್ಳಿಯ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುವ ಆಸೆಯನ್ನು ಮೊದಲು ಹೇಳಿದ್ದೂ ಅವಳಿಗೇ.

"ಓದವ್ವಾ, ನಿಮ್ಮಪ್ಪಗ ನಾ ಹೇಳ್ತೀನಿ" ಎಂದಿದ್ದಳು.

ಮಳೆಗಾಲ ಹಿಡಿದರೆ ಕುದಿಸಿದ ಭತ್ತ ಒಣಗುವುದಿಲ್ಲ, ಭಟ್ಟಿ ನಿಲ್ಲುತ್ತಿತ್ತು. ಒಲೆ ತಣ್ಣಗಾದ ಮೇಲೆ ಬೂದಿ ಬಳಿದು, ಹೊಗೆಗೂಡಿನ ಮಸಿ ಕೆರೆದು, ಸಡಿಲಾದ ಇಟ್ಟಿಗೆ ಕೂಡಿಸಿ, ಬಿರುಕಿಗೆ ಮಣ್ಣು ತುಂಬುತ್ತಿದ್ದೆವು. ಕಡೆಗೆ ಇಲಿ, ಚೇಳು ಹೊಗದಂತೆ ಒಲೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚುವುದು. ಆ ಬಾಯಿಗೆ ಕಡೆಯ ಕೈ ಸವರಿದವರೇ ದಸರಾ ಕಳೆದ ಮೇಲೆ ಒಲೆ ಹೊತ್ತಿಸಿ, ಹಂಗಾಮು ಪೂರ್ತಿ ಅದರ ಮುಂದೆ ದುಡಿಯಬೇಕು. ಇಲ್ಲವಾದರೆ ಅಕ್ಕಿ ಅರಳುವುದಿಲ್ಲವೆಂದು ನಮ್ಮವರ ನಂಬಿಕೆ. ಪ್ರತಿ ವರ್ಷ ಕಡೆಯ ಕೈ ಅತ್ತೆಯದೇ.

ಆ ವರ್ಷ ಮಾತ್ರ, "ಸೊಂಟ ಹಿಡದೈತಿ. ನೀ ಮೆತ್ತಿರು, ಕಡೀಗೆ ಬಂದು ನಾ ಸವರತೀನಿ" ಎಂದು, ಮುಚ್ಚಿದ ಬಾಯಿಗೆ ಹಚ್ಚುವ ವಿಭೂತಿ ತರಲು ಹೋದಳು. ಖುಷಿಯಿಂದ ಮೆತ್ತಿದೆ, ನೀರು ಹಚ್ಚಿ ನುಣುಪು ಮಾಡಿದೆ. ಅವಳು ಬಂದಳು. ಹಿಂದೆ ಅಪ್ಪ.

"ನೋಡಣ್ಣಾ, ಈ ಸಲ ಒಲಿ ಬಾಯಿ ನಿನ್ನ ಮಗಳೇ ಮುಚ್ಚ್ಯಾಳ."

"ಕಡೀಗೆ ನಾ ಸವರತೀನಿ ಅಂತ ನೀನೇ ಅಂದಿದ್ದೆಲ್ಲಾ, ಅತ್ತಿ?" ಎಂದೆ.

"ನಾ ಯಾವಾಗ ಅಂದೆ?" ನನ್ನ ಮುಖ ನೋಡದೆ ಅಪ್ಪನಿಗೆ ಹೇಳಿದಳು, "ನಮ್ಮ ಮನಿತನದಾಗ ಹೆಣ್ಣು ಡಿಗ್ರಿ ಮಾಡೂದು ಆಗದ ಮಾತು. ಇಂಥಾ ಕೈ ಕಳಕೊಂಡ್ರ ನನ್ನ ಭಟ್ಟಿ ಯಾರು ನಡಸ್ತಾರ?"

ಅಪ್ಪ ಒಲೆಯ ಬಾಯಿ ಮುಟ್ಟಿ ನೋಡಿದ. "ಮುಚ್ಚಿದ ಮ್ಯಾಲೆ ಮುಗೀತು" ಎಂದ.

ಮರುದಿನ ಬೆಳಿಗ್ಗೆ, ನಾದಿನಿಯೆದುರು ಎಂದೂ ದನಿ ಎತ್ತದ ನನ್ನವ್ವ ಗಡಾರಿ ಹಿಡಿದು ಹೋಗಿ ಆ ಬಾಯಿ ಒಡೆದಳು. ತಾನೇ ಮಣ್ಣು ಕಲಸಿ ಮತ್ತೆ ಮೆತ್ತಿ, ಕಡೆಯ ಕೈ ಸವರಿದಳು.

"ಈಗ ನನ್ನ ಕೈ ಬಿದ್ದೈತಿ. ಒಲಿ ನಾ ಹೊತ್ತಸ್ತೀನಿ. ಹುಡುಗಿ ಹೋಗ್ಲಿ."

ಹೋದೆ. ನನ್ನ ಓದು ಮುಗಿಯುವವರೆಗೆ ಪ್ರತಿ ಹಂಗಾಮೂ ಕಡೆಯ ಕೈ ಅವ್ವನದೇ ಆಯಿತು.

ಅತ್ತೆ ಈಗಿಲ್ಲ. ಭಟ್ಟಿಯ ಜಾಗದಲ್ಲಿ ಯಾರದೋ ಗೋದಾಮು. ಅವಳ ಮಣ್ಣಿಗೆ ಹೋಗಿದ್ದೆ, ಅಳು ಬರಲಿಲ್ಲ. ನಾನು ಎಲ್ಲ ಹೇಳಿಕೊಳ್ಳುತ್ತಿದ್ದ ಅತ್ತೆಯನ್ನು ಆ ಒಲೆಯ ಮುಂದೆಯೇ ಕಳೆದುಕೊಂಡಿದ್ದೆನಲ್ಲ... ಅಂಥವಳು ಆಮೇಲೆ ನನಗೆ ಇನ್ನೊಬ್ಬಳು ಸಿಗಲಿಲ್ಲ.

ಅತ್ತೆ ಇನ್ನೂ ಇದ್ದಾಗಲೇ, ಡಿಗ್ರಿ ಸರ್ಟಿಫಿಕೇಟ್ ತಂದ ದಿನ ಅದನ್ನು ಅವ್ವನ ಕೈಗಿಟ್ಟಿದ್ದೆ. ಕಾದ ಮರಳು ಸಿಡಿದು ಕಲೆಯಾದ ಕೈ. "ಅತ್ತೀಗೆ ಮಾತ್ರ ತೋರಿಸಬ್ಯಾಡ" ಎಂದೆ. ತನಗೆ ಓದಲು ಬಾರದ ಆ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಅವ್ವ ಎದ್ದಳು.

"ಇದಕ್ಕಂತ ಆ ಒಲಿ ಹೊಗಿ ಕುಡದಾಕಿ ನಾನು. ತೋರಸೂದೋ ಬಿಡೂದೋ, ನಾ ನೋಡ್ಕೋತೀನಿ."