ನಾನು ನೆಡಿಸಿದ ಗರಿಕೆ

ಪಕ್ಕದ ಮನೆಯಲ್ಲಿ ಹುಲ್ಲು ಕತ್ತರಿಸುವ ಮಿಷನ್ ಓಡುತ್ತಿದೆ. ಹಸಿ ಹುಲ್ಲಿನ ವಾಸನೆ ಗೋಡೆ ದಾಟಿ ನನ್ನ ಕಾಫಿ ಲೋಟದವರೆಗೂ ಬಂದಿದೆ. ಬಹಳ ಒಳ್ಳೆಯ ವಾಸನೆ ಎನ್ನುತ್ತಾರೆ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ತಲೆ ತಾನಾಗಿ ತಗ್ಗುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ಹುಲ್ಲಿನ ಮೇಲೇ ಕೂತುಕೊಳ್ಳಿ, ಈಗ ಇಲ್ಲಿ ಯಾರೂ ಬೇಡ ಎನ್ನುವುದಿಲ್ಲ.

ಸಿ.ವಿ. ರಾಮನ್ ನಗರದ ಪಕ್ಕದಲ್ಲಿ ನಮ್ಮ ರಾಗಿ ಹೊಲವಿತ್ತು. ತೊಂಬತ್ತರ ದಶಕದಲ್ಲಿ ಅದು ಲೇಔಟ್ ಆಯಿತು. ಒಂದು ಮೂಲೆ ಉಳಿಸಿಕೊಂಡು ಮನೆ ಕಟ್ಟಿದೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಮಹಡಿ ಮನೆ ಸಾಲದೇ? ಸಾಲಲಿಲ್ಲ. ಮುಂದೆ ಲಾನ್ ಬೇಕಿತ್ತು.

ಈ ಹುಚ್ಚು ಹತ್ತಿದ್ದು ಬೆನ್ಸನ್ ಟೌನಿನಲ್ಲಿ. ಚಿಕ್ಕವನಿದ್ದಾಗ ಅವ್ವನ ಜೊತೆ ಅಲ್ಲಿನ ಬಂಗಲೆಯೊಂದಕ್ಕೆ ಸೊಪ್ಪು ಕೊಡಲು ಹೋಗುತ್ತಿದ್ದೆ. ಅಡುಗೆಮನೆಗೆ ನೇರ ದಾರಿ ಹುಲ್ಲಿನ ಮೇಲೆಯೇ ಇತ್ತು. ಆದರೆ ಬಂಗಲೆಯ ದೊರೆಸಾನಿ ವರಾಂಡದಿಂದ ಬೆರಳಾಡಿಸುತ್ತಿದ್ದರು: "ಗ್ರಾಸ್ ಮೇಲೆ ಬೇಡ. ಸುತ್ಕೊಂಡ್ ಬಾ." ಸೊಪ್ಪಿನ ಮಂಕರಿ ಹೊತ್ತ ಅವ್ವ ಗೋಡೆಯ ಪಕ್ಕ ಸುತ್ತಿಕೊಂಡು ಹೋಗುತ್ತಿದ್ದಳು. ಮಾನ ಇದ್ದವನಾಗಿದ್ದರೆ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಸೆ. ನನಗೂ ಒಂದು ದಿನ ಇಂಥ ಹುಲ್ಲಿರಬೇಕು, ಬೇರೆಯವರು ಸುತ್ತಿಕೊಂಡು ಹೋಗಬೇಕು.

ಹಲಸೂರಿನ ಆರ್ಮುಗಂ ಎಂಬ ಮಾಲಿಯನ್ನು ಹಿಡಿದೆ. ದಂಡು ಪ್ರದೇಶದ ಬಂಗಲೆಗಳಲ್ಲಿ ಪಳಗಿದ ಕೈ. ಒಂದಡಿ ಅಗೆದ, ಕಲ್ಲು ಆರಿಸಿದ, ಕೆಮ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿದ, ನೀರು ನಿಲ್ಲದ ಹಾಗೆ ಗೇಟಿನ ಕಡೆಗೆ ತುಸು ಇಳಿಜಾರು ಕೊಟ್ಟು ಹಲಗೆ ಎಳೆದ. ಒಂದು ಮೊಳ ರಾಗಿ ಹೊಲಕ್ಕೂ ನಾನು ಇಷ್ಟು ಉಪಚಾರ ಮಾಡಿದವನಲ್ಲ. ಕೊನೆಗೆ ಗೋಣಿಚೀಲವೊಂದನ್ನು ತಂದು, "ಬರ್ಮುಡ ಸಾರ್, ಫಸ್ಟ್ ಕ್ಲಾಸ್" ಎಂದ. ಬಿಚ್ಚಿ ನೋಡಿದೆ.

"ಇದು ಗರಿಕೆ ಅಲ್ವೇನಯ್ಯ?"

"ಗರಿಕೆನೇ ಸಾರ್. ಹೊಲದಲ್ಲಿದ್ರೆ ಗರಿಕೆ, ಬಂಗ್ಲೇಲಿದ್ರೆ ಬರ್ಮುಡ."

ರಾಗಿ ಬೆಳೆದವರಿಗೆ ಗರಿಕೆ ವರ್ಷಕ್ಕೊಂದು ದಿನ ಗಣಪನ ತಲೆಯ ಮೇಲಿರುತ್ತದೆ. ಉಳಿದ ದಿನವೆಲ್ಲ ಅದು ಶತ್ರು. ಒಂದು ಗೆಣ್ಣು ಮಣ್ಣಲ್ಲಿ ಉಳಿದರೂ ಹೊಲವನ್ನೇ ನುಂಗುತ್ತದೆ. ಅವ್ವನ ಸೊಂಟ ಬಗ್ಗಿದ್ದು ಅದನ್ನು ಕಿತ್ತು ಕಿತ್ತೇ. ನಾನು ಅದನ್ನೇ ಗೇಣಿಗೊಂದರಂತೆ ಸಾಲಾಗಿ ನೆಡಿಸಿದೆ. ಆಗ ಅವ್ವ ಕೆ.ಆರ್. ಪುರದ ಅಕ್ಕನ ಮನೆಯಲ್ಲಿದ್ದಳು. ಹೇಳಿ ಕಳಿಸುವ ಧೈರ್ಯ ಆಗಲಿಲ್ಲ.

ಎರಡು ವಾರದ ಮೇಲೆ ಬಂದಳು. ಅಷ್ಟರಲ್ಲಿ ಗರಿಕೆ ಚಿಗುರಿತ್ತು. ಗೊಬ್ಬರದಲ್ಲಿದ್ದ ಬೀಜದಿಂದ ನಾಲ್ಕಾರು ರಾಗಿ ಪೈರು, ಒಂದಿಷ್ಟು ಕೀರೆಸೊಪ್ಪು ಕೂಡ ಎದ್ದಿದ್ದವು. ಮಾರನೆಯ ಬೆಳಿಗ್ಗೆ ನಾನು ಗಡ್ಡ ಹೆರೆದುಕೊಂಡು ಹೊರಗೆ ಬರುವ ಹೊತ್ತಿಗೆ ಅರ್ಧ ಲಾನ್ ಬೋಳಾಗಿತ್ತು. ಕಿತ್ತ ಗರಿಕೆ ದಾರಿಯ ಮೇಲೆ ಗುಡ್ಡೆ. ರಾಗಿಗೂ ಕೀರೆಗೂ ಬುಡಕ್ಕೆ ಮಣ್ಣೇರಿಸಿದ್ದಳು. ಹೊಲ ಹೋದಮೇಲೆ ಅವಳ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ.

"ಕಣ್ ಕಾಣಲ್ವೇನೋ ನಿಂಗೆ? ಇಷ್ಟ್ ಗರಿಕೆ ಹಬ್ಬೋಕ್ ಬಿಟ್ಟಿದ್ದೀಯಲ್ಲ. ಪುಣ್ಯಕ್ಕೆ ಸಾಲ್ ಹಿಡ್ದು ಬಂದಿತ್ತು, ಕೀಳೋಕೆ ಸುಲಭ ಆಯ್ತು" ಎಂದಳು.

ಅದೇ ಹೊತ್ತಿಗೆ ಆರ್ಮುಗಂ ಗೇಟು ತೆಗೆದು ಬಂದ. ಗುಡ್ಡೆ ನೋಡಿದ, ಒಂದು ಎಳೆ ಎತ್ತಿ ಬೇರು ನೋಡಿದ. "ಅಜ್ಜಿ ಕೈ ಒಳ್ಳೆ ಕೈ ಸಾರ್. ಒಂದ್ ಗೆಣ್ಣೂ ಬಿಟ್ಟಿಲ್ಲ" ಎಂದು ನಕ್ಕುಬಿಟ್ಟ.

ನಾನೂ ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಾಲಿಯ ಮುಂದೆ ನನ್ನ ದೊರೆತನಕ್ಕೆ ಏಟು ಬಿದ್ದಿತ್ತು. "ಇದು ನಿನ್ ಹೊಲ ಅಲ್ಲವ್ವ, ನನ್ ಮನೆ. ಹುಲ್ ಮೇಲೆ ಕಾಲಿಡ್ಬೇಡ. ಸುತ್ಕೊಂಡ್ ಓಡಾಡು" ಎಂದೆ.

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಗ್ರಾಸು ಅಂತ ಮೊದ್ಲೇ ಹೇಳಿದ್ರೆ ನಾನೇ ಸುತ್ಕೊಂಡ್ ಹೋಗ್ತಿದ್ನಲ್ಲಪ್ಪ" ಎಂದಳು. ಅಷ್ಟೇ.

ಆರ್ಮುಗಂ ಮತ್ತೆ ನೆಟ್ಟ. ದಿನಾ ಚಿಮುಕಿಸಬೇಡಿ, ವಾರಕ್ಕೆರಡು ಸಲ ಬೇರಿಗೆ ಇಳಿಯುವಷ್ಟು ನೀರು ಬಿಡಿ ಎಂದ. ಬೋಳಿಸಬೇಡಿ, ಎರಡು ಬೆರಳು ಉಳಿಸಿ ಕತ್ತರಿಸಿ ಎಂದ. ಲಾನ್ ನೋಡಿದವರು ಹೊಟ್ಟೆ ಉರಿದುಕೊಳ್ಳುವ ಹಾಗೆ ಬಂತು. ಮಹದೇವಪುರದ ನೆಂಟರು ದೇವಸ್ಥಾನಕ್ಕೆ ಬಂದವರಂತೆ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತು ನೋಡುತ್ತಿದ್ದರು. ಎರಡು ಬೆತ್ತದ ಕುರ್ಚಿ ಹಾಕಿದ್ದೆ, ಯಾರೂ ಕೂರಲಿಲ್ಲ. ಅವ್ವ ಹಾಲು ತರಲು ಹೋಗುವಾಗ, ಬರುವಾಗ ಗೋಡೆಯ ಪಕ್ಕವೇ ನಡೆದಳು. ಅಲ್ಲಿ ಒಂದು ಕಾಲುದಾರಿಯೇ ಬಿತ್ತು. "ಬಾರವ್ವ, ಕೂತ್ಕೊ" ಎಂದು ಎಷ್ಟೋ ಸಲ ಕರೆದೆ. "ಕಾಲು ಮಣ್ಣಾಗಿದೆ ಬಿಡಪ್ಪ" ಎನ್ನುತ್ತಿದ್ದಳು. ಕರೆಯುವುದು ಸುಲಭ. ತಪ್ಪಾಯಿತು ಎನ್ನುವುದೊಂದೇ ನನ್ನ ಬಾಯಲ್ಲಿ ಬರಲಿಲ್ಲ.

ಎಂಟು ವರ್ಷದ ಮೇಲೆ ಅವ್ವ ಆ ಹುಲ್ಲಿನ ಮೇಲೆ ಬಂದಳು, ನಾಲ್ಕು ಜನರ ಕೈಯಲ್ಲಿ. ಮನೆ ಮುಂದೆ ಮಲಗಿಸಲು ಬೇರೆ ಜಾಗವಿರಲಿಲ್ಲ. ಊರಿನವರೆಲ್ಲ ತುಳಿದಾಡಿದರು. ಸುತ್ಕೊಂಡು ಬನ್ನಿ ಎಂದು ನಾನು ಯಾರಿಗೂ ಹೇಳಲಿಲ್ಲ.

ಕಾಫಿ ಆರಿತು. ಅಟ್ಟದ ಮೇಲಿಂದ ಅವ್ವ ಕಳೆ ಕೀಳುತ್ತಿದ್ದ ಕಳೆವಾರೆ ಇಳಿಸಿ, ಮಂಡಿ ನೋವಿನಲ್ಲೇ ಹುಲ್ಲಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದೇನೆ. ಮಿಷನ್ ನಿಲ್ಲಿಸಿ ಪಕ್ಕದ ಮನೆಯ ಹೆಣ್ಣುಮಗಳು ಗೋಡೆಯ ಮೇಲಿಂದ ಇಣುಕಿದಳು.

"ಅಂಕಲ್, ಲಾನ್ ಯಾಕ್ ಕಿತ್ ಹಾಕ್ತಿದ್ದೀರಾ?"

"ಲಾನ್ ಅಲ್ಲಮ್ಮ, ಗರಿಕೆ" ಎಂದೆ. "ನಮ್ಮವ್ವ ಅರ್ಧ ಕಿತ್ತಿದ್ಲು. ಇನ್ನರ್ಧ ಬಾಕಿ ಇತ್ತು."