ಅತ್ತೆಯ ಕತ್ತು, ನನ್ನ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಕಾಲು ಸೋಕಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮದುವೆಯಾಗಿ ಜಯನಗರಕ್ಕೆ ಬಂದಮೇಲೆ ಅಮ್ಮನ ಬಾಯಿಂದ ಈ ಗುಟ್ಟು ಹೊರಬಿತ್ತು. ಬೆನ್ನು ಹಿಡಿದವರೆಲ್ಲ ನಮ್ಮ ಜಗಲಿಗೆ ಬಂದು ಕೂರತೊಡಗಿದರು. ನನ್ನ ಅಡುಗೆಯನ್ನು ಒಬ್ಬರೂ ಹೊಗಳಲಿಲ್ಲ, ಹಿಮ್ಮಡಿಯನ್ನು ಹೊಗಳಿದರು.

ಅರವತ್ತರ ದಶಕ ಶುರುವಾಗುವಾಗ ಅತ್ತೆಯ ಕತ್ತು ಹಿಡಿಯಿತು. ಸಿದ್ದಾಪುರದ ತೋಟದಿಂದ ಮಾರ್ಕೆಟ್ಟಿಗೆ ವರ್ಷಗಟ್ಟಲೆ ಸೊಪ್ಪಿನ ಕುಕ್ಕೆ ಹೊತ್ತ ಕತ್ತು. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿಯೇ ನೋಡಬೇಕಿತ್ತು.

"ಉಳುಕು ಕಣೆ. ನೀನಿರುವಾಗ ಡಾಕ್ಟ್ರು ಯಾಕೆ?" ಎಂದು ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತರು. ಊರವರ ಬೆನ್ನಿಗೆ ಕಾಲಿಡುವುದು ಬೇರೆ, ಅತ್ತೆಯ ಕತ್ತಿಗಿಡುವುದು ಬೇರೆ. ಹಿಮ್ಮಡಿಗೆ ಎಣ್ಣೆ ಸವರಿ, ಕೈಮುಗಿದು ಇಟ್ಟೆ. ಪಕ್ಕದ ಮನೆಯಾಕೆ ಇಣುಕಿ, "ಎಷ್ಟು ಜನ ಸೊಸೇರಿಗೆ ಸಿಗುತ್ತಮ್ಮ ಈ ಪುಣ್ಯ!" ಎಂದಳು. ಅತ್ತೆಯೇ ಮೊದಲು ನಕ್ಕರು.

ಮೂರು ಬೆಳಗ್ಗೆ ಕಾಲಿಟ್ಟರೆ ಸಾಕು ಎಂದದ್ದು ಮೂರು ತಿಂಗಳಾಯಿತು. "ಇನ್ನೂ ಸ್ವಲ್ಪ ಒತ್ತು" ಎನ್ನುತ್ತಿದ್ದರು, ಒತ್ತುತ್ತಿದ್ದೆ. ಒಂದು ದಿನ ಅವರ ಕೈಯಿಂದ ಕಾಫಿ ಲೋಟ ಜಾರಿತು. ಬೆರಳುಗಳು ಜೋಮು ಹಿಡಿದಿದ್ದವು. ಆಸ್ಪತ್ರೆಗೆ ಓಡಿದೆವು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಉಳುಕಲ್ಲಮ್ಮ ಇದು. ವಯಸ್ಸಾದ ಹಾಗೆ ಕತ್ತಿನ ಕೀಲು ಸವೆಯುತ್ತೆ. ಸವೆದದ್ದು ವಾಪಸ್ ಬರಲ್ಲ, ನೋವು ಕಮ್ಮಿ ಮಾಡ್ಕೋಬಹುದು ಅಷ್ಟೆ. ತೆಳ್ಳನೆ ದಿಂಬು, ಬಿಸಿನೀರಿನ ಶಾಖ, ಕತ್ತಿಗೊಂದು ಪಟ್ಟಿ. ತಲೆ ಮೇಲೆ ಚೊಂಬೂ ಹೊರಬೇಡಿ. ಯಾರಾದ್ರೂ ಕತ್ತು ಒತ್ತಿದ್ರಾ? ಒತ್ತಿದ್ರೆ ನರಕ್ಕೆ ಪೆಟ್ಟು."

ನಾನು ನೆಲ ನೋಡಿದೆ. "ಇಲ್ಲ ಸಾರ್, ಯಾರೂ ಮುಟ್ಟಿಲ್ಲ" ಎಂದರು ಅತ್ತೆ.

ಪಟ್ಟಿ ಕಟ್ಟಿದೆ, ಶಾಖ ಕೊಟ್ಟೆ, ದಿಂಬಿನ ಹತ್ತಿ ಅರ್ಧ ಕಿತ್ತೆ. ನೋವು ಒಂದಿಷ್ಟು ಇಳಿಯಿತು, ಜೋಮು ಹೋಗಲಿಲ್ಲ. ಬೆರಳು ಕೆಟ್ಟದ್ದು ವಯಸ್ಸಿನಿಂದಲೋ ನನ್ನ ಕಾಲಿನಿಂದಲೋ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.

ಒಂದು ಬೆಳಗ್ಗೆ ಅತ್ತೆ ಪಟ್ಟಿ ಬಿಚ್ಚಿಟ್ಟು ಮತ್ತೆ ಗೋಡೆಗೆ ಮುಖ ಮಾಡಿ ಕೂತಿದ್ದರು. "ಒಂದೇ ಒಂದು ಸಲ ಕಾಲಿಡೇ. ನಿನ್ನ ಬಿಟ್ರೆ ಇನ್ಯಾರಿದಾರೆ?"

ಇಡಲಾರೆ, ಇಲ್ಲ ಎನ್ನಲೂ ಆರೆ. ಹೇಗೂ ತಿರುಗಿ ನೋಡಲಾರರು ಎಂದು ಅಂಗೈಯನ್ನು ಬಿಸಿನೀರಿಗೆ ಅದ್ದಿ, ಒರೆಸಿ, ಕತ್ತಿನ ಮೇಲೆ ಮೆಲ್ಲಗಿಟ್ಟೆ.

ಅತ್ತೆ ಕೈ ಹಿಂದಕ್ಕೆ ತಂದು ನನ್ನ ಬೆರಳುಗಳನ್ನು ತಡವಿದರು. ಆಮೇಲೆ, "ಹಾಗಾದ್ರೆ ನಿನ್ನ ಕಾಲಿಂದಲೂ ಆಗಲ್ಲ ಅಂತಾಯ್ತು, ಅಲ್ವಾ?" ಎಂದರು.

ನಾನು ಕೈ ತೆಗೆಯಲಿಲ್ಲ.