ಬೇರಿನ ಜುಂಗು

ಮುತ್ಯಾಲಮ್ಮನ ಉಗುರಿಗೆ ಸಿಕ್ಕ ಜುಂಗು ಉಳಿಯುವುದಿಲ್ಲ ಅನ್ನುವುದು ಸೇಲಂನ ಆ ನೇಕಾರರ ಬೀದಿಗೆಲ್ಲ ಗೊತ್ತಿತ್ತು. ಮನೆದೇವರು ಚೌಡಮ್ಮನಿಗೆ ದೀಪ ಹಚ್ಚಿ ಮಗ್ಗಕ್ಕೆ ಕೂತರೆ, ನೂಲಿನ ಮೇಲೆ ಎದ್ದ ಎಳೆಯನ್ನೆಲ್ಲ ಕೆರೆದು ತೆಗೆದೇ ನೇಯುವಳು.

ಅಂದು ಮಗ್ಗದ ಉದ್ದೆಳೆಗಳ ಹಾಸಿನಿಂದ ಲಾಳಿ ಹಾರಿ, ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಸೊಸೆ ಚಂದ್ರಿಕಾಳ ಬಾಯಿಗೆ ಬಡಿಯಿತು. ಮುಂದಿನ ಹಲ್ಲು ಬೇರು ಸಮೇತ ಕಳಚಿ ನೆಲಕ್ಕೆ ಬಿತ್ತು.

"ಅತ್ತೇ, ಬಾಯ್ ಮುಚ್ಚು ಅಂತ ಬಾಯಲ್ಲೇ ಏಳ್ಬಾರ್ದಾ? ಲಾಳೀಲಿ ಏಳ್ಬೇಕಾ?" ಅಂದಳು ಚಂದ್ರಿಕಾ. ಬಾಯಿಗೆ ಒತ್ತಿದ ಬೆರಳ ಸಂದಿಯಲ್ಲಿ ರಕ್ತ ಇಳಿಯುತ್ತಿತ್ತು; ಯಾರೂ ನಗಲಿಲ್ಲ.

ಮಗ ಗಿರಿ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದ. ಅಷ್ಟರಲ್ಲಿ ಮುತ್ಯಾಲಮ್ಮ ಹಲ್ಲನ್ನು ಎತ್ತಿಕೊಂಡಿದ್ದಳು. ಬೇರಿಗೆ ನವಿರಾದ ಕೆಂಪು ಜುಂಗು ಅಂಟಿತ್ತು. ಕೊಳೆಯೆಂದುಕೊಂಡು ಒದ್ದೆ ಸೆರಗಿನಲ್ಲಿ ಒರೆಸಿ, ಉಗುರಿನಿಂದ ಕೆರೆದಳು. ಒಂದು ಮಗ್ಗುಲು ಬೆಳ್ಳಗಾಯಿತು.

"ಅಮ್ಮ ಹಲ್ಲು ಕೆರೀತಾವ್ರೆ ಡಾಕ್ಟರ್..." ಅಂದ ಗಿರಿ.

"ತೊಡಾದೀಂಗ!" ಫೋನಿನೊಳಗಿಂದ ಡಾಕ್ಟರ್ ಕಲೈವಾಣಿ ತಮಿಳಿನಲ್ಲಿ ಕೂಗಿದರು. "ಬೇರು ಮುಟ್ಟಬೇಡಿ! ಹಾಲಿನಲ್ಲಿ ಹಾಕಿಕೊಂಡು ಓಡಿ ಬನ್ನಿ."

ಮನೆಯಲ್ಲಿದ್ದದ್ದು ನೈವೇದ್ಯಕ್ಕೆ ಎತ್ತಿಟ್ಟ ಹಾಲು. ಮುತ್ಯಾಲಮ್ಮ ದೇವರ ಕಡೆ ಒಮ್ಮೆ ನೋಡಿ, ಹಲ್ಲನ್ನು ಅದರಲ್ಲೇ ಮುಳುಗಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಹಲ್ಲನ್ನು ಅದರ ಗುಳಿಗೇ ಕೂರಿಸಿ, ಪಕ್ಕದ ಹಲ್ಲುಗಳಿಗೆ ತಂತಿ ಕಟ್ಟಿದರು. "ಹಲ್ಲು ಮೂಳೆಗೆ ಮೊಳೆ ಹೊಡೆದ ಹಾಗೆ ಇರೋದಿಲ್ಲಮ್ಮ. ನಡುವೆ ಸಣ್ಣ ಸಣ್ಣ ನಾರು ಇವೆ. ಒಂದು ತುದಿ ಬೇರಿನಲ್ಲಿ, ಇನ್ನೊಂದು ಮೂಳೆಯಲ್ಲಿ. ಕಚ್ಚಿದಾಗ ಭಾರ ಹೊರೋದು ಅವೇ. ಈಗ ನಡುವೆ ಹರಿದಿವೆ. ಎರಡೂ ಕಡೆಯ ತುಂಡುಗಳು ಮತ್ತೆ ಕೂಡಬೇಕು."

ಮುತ್ಯಾಲಮ್ಮ ತನ್ನ ಉಗುರು ನೋಡಿಕೊಂಡಳು. ಮಗ್ಗದಲ್ಲಿ ಹಾಸು ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಬಿಟ್ಟು, ಹೊಸದನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಾರೆ. ತುದಿಯನ್ನೇ ಕೆರೆದುಬಿಟ್ಟರೆ ಯಾವುದಕ್ಕೆ ಹೊಸೆಯುವುದು?

"ಒಂದು ಮಗ್ಗುಲು ನಾನೇ ಕೆರ್ದ್‌ಬುಟ್ಟೆ," ಅಂದಳು.

"ಉಳಿದ ಕಡೆ ಹಿಡಿದರೆ ಹಲ್ಲು ನಿಲ್ಲುತ್ತೆ. ಕಾಯೋಣ."

ತಂತಿ ಬಿಚ್ಚುವವರೆಗೆ ಅವಳು ಸೊಸೆಗೆ ಮೆತ್ತಗೆ ಗಂಜಿ ಕಲಸಿಕೊಟ್ಟಳು. ದೀಪದ ಮುಂದೆ ಕೂತಾಗ, ಹಲ್ಲು ಹಿಡಿಯಲಿ ಅನ್ನುವುದು ಬಿಟ್ಟು ಅವಳ ಬಾಯಿಗೆ ಬೇರೆ ಬೇಡಿಕೆ ಬರಲಿಲ್ಲ.

ತಂತಿ ಬಿಚ್ಚಿದ ದಿನ ಡಾಕ್ಟರ್ ಬೆರಳಿಟ್ಟು ಹಲ್ಲನ್ನು ಒತ್ತಿದರು. ಹಲ್ಲು ಸಡಿಲವಾಗಿ ಅಲ್ಲಾಡಲಿಲ್ಲ, ಬಿಗಿದ ಹಾಸನ್ನು ಒತ್ತಿದ ಹಾಗೆ ಕೂದಲೆಳೆಯಷ್ಟು ತಗ್ಗಿ ಮತ್ತೆ ಮೇಲೆ ಬಂತು.

"ಹಿಡಿದಿದೆ. ಕೆರೆದ ಕಡೆ ಮುಂದೆ ತೊಂದರೆ ಕೊಟ್ಟರೂ ಕೊಡಬಹುದು, ಆಗಾಗ ತೋರಿಸುತ್ತಿರಿ."

"ನೋಡಿ ಅತ್ತೆ," ಎಂದು ಚಂದ್ರಿಕಾ ಬಾಯಿ ತೆರೆದಳು.

ಮುತ್ಯಾಲಮ್ಮ ಬಗ್ಗಿ ನೋಡಿದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.